ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸ್ತನ ಕ್ಯಾನ್ಸರ್ ಪ್ರಯೋಗಕ್ಕೆ ಒಪ್ಪಬೇಕಾದವರು ಯಾರು?

ಕಳೆದ ತಿಂಗಳು ಆರಂಭಿಕ ಹಂತದ ಸ್ತನ ಕ್ಯಾನ್ಸರ್ ಬಗ್ಗೆ ಬರೆಯುವಾಗ, ದೊಡ್ಡ ಆಸ್ಪತ್ರೆಗಳಲ್ಲಿ ಕೆಲವರನ್ನು ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ವೈದ್ಯಕೀಯ ಪ್ರಯೋಗಕ್ಕೆ, ಸೇರುತ್ತೀರಾ ಎಂದು ಕೇಳುವುದುಂಟು ಎಂಬ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಇಷ್ಟು ಪತ್ರಗಳು ಬಂದಿವೆಯೆಂದರೆ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಮಗ, ಮಗಳು, ಗಂಡ, ಅಣ್ಣಂದಿರು. ಕಾಯಿಲೆಯಾದವರು ತಾವೇ ಕೂತು ಬರೆದದ್ದು ಒಂದೇ ಒಂದು ಪತ್ರ.

ಪ್ರಶ್ನೆ: ನನ್ನ ತಾಯಿಗೆ 54 ವರ್ಷ. ಎಡ ಸ್ತನದಲ್ಲಿ ಎರಡೂವರೆ ಸೆಂಟಿಮೀಟರ್ ಗಂಟು ಇದೆ, ಎರಡನೆಯ ಹಂತ ಎಂದಿದ್ದಾರೆ. ಅವರಿಗೆ ‘ಗಡ್ಡೆ’ ಎಂದಷ್ಟೇ ಹೇಳಿದ್ದೇವೆ, ಕ್ಯಾನ್ಸರ್ ಎಂದು ಹೇಳಿಲ್ಲ. ಈಗ ಆಸ್ಪತ್ರೆಯವರು ಒಂದು ಪ್ರಯೋಗಕ್ಕೆ ಸೇರಿಸಬಹುದೇ ಎಂದು ಕೇಳುತ್ತಿದ್ದಾರೆ. ಮಕ್ಕಳಾದ ನಾವು ಸಹಿ ಮಾಡಿದರೆ ಸಾಲದೇ? ತಾಯಿಯನ್ನು ಪ್ರಯೋಗಪಶು ಮಾಡಿದಂತಾಗುವುದಿಲ್ಲವೇ?
– ಓದುಗರು, ಕುಮಟಾ

ಉತ್ತರ: ಸಾಲದು. ತನ್ನ ವಿಚಾರವನ್ನು ತಾನೇ ನಿರ್ಧರಿಸಬಲ್ಲ ಹೆಂಗಸಿನ ಪರವಾಗಿ ಮಗನಾಗಲಿ ಗಂಡನಾಗಲಿ ಪ್ರಯೋಗದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಂತಿಲ್ಲ. ಓದಲು ಬಾರದಿದ್ದರೆ, ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟಿನ ಗುರುತು ಪಡೆಯಬೇಕು. ಆ ಪತ್ರದಲ್ಲಿ ಕಾಯಿಲೆಯ ಹೆಸರು ಇದ್ದೇ ಇರುತ್ತದೆ. ಆದ್ದರಿಂದ ತಾಯಿಗೆ ನಿಜ ಹೇಳದೆ ಅವರನ್ನು ಯಾವ ಪ್ರಯೋಗಕ್ಕೂ ಸೇರಿಸಲಾಗದು, ಮತ್ತು ಇದು ಹೀಗೇ ಇರಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ಹೇಳದೆ ಇರುವುದು ಪ್ರೀತಿಯಿಂದಲೇ ಎಂದು ಬಲ್ಲೆ. ಆದರೆ ಒಮ್ಮೆ ಅಂಕೋಲಾ ಕಡೆಯ ಹೆಂಗಸೊಬ್ಬರನ್ನು ಇಬ್ಬರು ಗಂಡುಮಕ್ಕಳು ನನ್ನಲ್ಲಿಗೆ ಕರೆತಂದಿದ್ದರು. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಫೈಲನ್ನು ಮಾತ್ರ ಒಳಗೆ ತಂದು, ಅಮ್ಮನಿಗೆ ಗೊತ್ತಾಗಬಾರದು ಎಂದು ಪಿಸುಮಾತಿನಲ್ಲಿ ಹೇಳಿದರು. ಫೈಲಿನಲ್ಲಿ ಬಯಾಪ್ಸಿ ವರದಿ ಇರಲಿಲ್ಲ. ಎಲ್ಲಿ ಬಿದ್ದುಹೋಯಿತೋ ಎಂದು ಇಬ್ಬರೂ ಗಾಬರಿಯಾದರು. ತಪಾಸಣೆಗೆ ಒಳಗೆ ಕರೆದಾಗ ಆ ತಾಯಿ ಎಲೆಅಡಿಕೆ ಚೀಲದ ಒಳಜೇಬಿನಿಂದ ನಾಲ್ಕು ಮಡಿಕೆಯ ಆ ಕಾಗದವನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಕಾಲೇಜಿಗೆ ಹೋಗುವ ಮೊಮ್ಮಗಳಿಂದ ಹದಿನೈದು ದಿನ ಮೊದಲೇ ಓದಿಸಿಕೊಂಡಿದ್ದರಂತೆ. ಮಕ್ಕಳು ಹೆದರಿದ್ದಾರೆ ಎಂದು ಸುಮ್ಮನಿದ್ದರು. ನಿಮ್ಮ ತಾಯಿಗೂ ಗೊತ್ತಿರಬಹುದು. ಇಲ್ಲದಿದ್ದರೆ, ಆರಂಭಿಕ ಹಂತದಲ್ಲಿ ಸಿಕ್ಕಿರುವ ಈ ಕಾಯಿಲೆಯನ್ನು ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ ಎಂಬುದನ್ನೂ ಸೇರಿಸಿಯೇ ಹೇಳಿ.

ಇನ್ನು ಪ್ರಯೋಗಪಶುವಿನ ಮಾತು. ಒಂದು ಕಾಲದಲ್ಲಿ ಗಂಟು ಎಷ್ಟೇ ಚಿಕ್ಕದಿರಲಿ, ಇಡೀ ಸ್ತನವನ್ನೂ ಅದರಡಿಯ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುತ್ತಿದ್ದರು. ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಹೆಸರಿನ ಆ ಆಪರೇಷನ್ ಮುಕ್ಕಾಲು ಶತಮಾನದಷ್ಟು ಕಾಲ ಪ್ರಶ್ನಾತೀತವಾಗಿತ್ತು. ತೋಳು ಬಾತುಕೊಂಡು, ಕೈ ಮೇಲೆತ್ತಲಾಗದೆ ಬಾಳಿದ ಹೆಂಗಸರು ಲೆಕ್ಕವಿಲ್ಲದಷ್ಟು. 1973ರಿಂದ 1980ರವರೆಗೆ ಇಟಲಿಯ ಮಿಲಾನ್‌ನಲ್ಲಿ ಉಂಬರ್ತೊ ವೆರೊನೇಸಿ ಎಂಬ ವೈದ್ಯರು ಎರಡು ಸೆಂಟಿಮೀಟರ್ ಮೀರದ ಗಂಟಿದ್ದ 701 ಮಂದಿಯಲ್ಲಿ ಕೆಲವರಿಗೆ ಆ ದೊಡ್ಡ ಆಪರೇಷನ್ನನ್ನೂ, ಉಳಿದವರಿಗೆ ಗಂಟಿರುವ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ನನ್ನೂ ಕೊಟ್ಟರು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ 1976ರಲ್ಲಿ ಶುರುವಾದ ಪ್ರಯೋಗ ನಾಲ್ಕು ಸೆಂಟಿಮೀಟರ್‌ವರೆಗಿನ ಗಂಟುಗಳಲ್ಲೂ ಇಂಥದೇ ಪ್ರಶ್ನೆ ಕೇಳಿತು. 2002ರಲ್ಲಿ ಎರಡರದ್ದೂ ಇಪ್ಪತ್ತು ವರ್ಷಗಳ ಫಲಿತಾಂಶ ಪ್ರಕಟವಾಯಿತು: ಸ್ತನ ಉಳಿಸಿಕೊಂಡವರೂ ತೆಗೆಸಿಕೊಂಡವರಷ್ಟೇ ಕಾಲ ಬದುಕಿದ್ದರು. ಎರಡೂವರೆ ಸೆಂಟಿಮೀಟರಿನ ಗಂಟಿಗೆ ಸ್ತನ ಉಳಿಸುವ ಆಪರೇಷನ್ ಸಾಧ್ಯವೇ ಎಂದು ಇಂದು ನಿಮ್ಮ ತಾಯಿ ವೈದ್ಯರನ್ನು ಕೇಳಬಹುದಾದರೆ, ಅದು ಅಂದು ಒಪ್ಪಿ ಸಹಿ ಹಾಕಿದ ಹೆಂಗಸರಿಂದ. ಅವರನ್ನು ಪಶುಗಳೆಂದು ಕರೆಯಲು ನನ್ನ ನಾಲಗೆ ಏಳದು.

ಹಾಗೆಂದು ಕಣ್ಣು ಮುಚ್ಚಿ ಒಪ್ಪಿ ಎನ್ನುತ್ತಿಲ್ಲ. ಎಷ್ಟನೆಯ ಹಂತದ ಪ್ರಯೋಗ ಎಂದು ಕೇಳಿ; ಇದು ಕಾಯಿಲೆಯ ಹಂತವಲ್ಲ, ಪ್ರಯೋಗದ್ದೇ ಹಂತ. ಮೊದಲನೆಯ ಹಂತದಲ್ಲಿ ಹೊಸ ಔಷಧದ ಸುರಕ್ಷಿತ ಪ್ರಮಾಣವನ್ನು ಹುಡುಕುತ್ತಾರೆ. ಗುಣವಾಗುವ ಸಾಧ್ಯತೆ ಚೆನ್ನಾಗಿರುವ ಆರಂಭಿಕ ರೋಗಿಗಳಿಗೆ ಸಾಮಾನ್ಯವಾಗಿ ಬರುವುದು ಮೂರನೆಯ ಹಂತದ್ದು, ಅಂದರೆ ಈಗಿನ ಉತ್ತಮ ಚಿಕಿತ್ಸೆಯೊಂದಿಗೆ ಹೊಸದನ್ನು ಹೋಲಿಸುವಂಥದ್ದು. ‘ಸೇರದಿದ್ದರೆ ನಮ್ಮ ತಾಯಿಗೆ ಯಾವ ಚಿಕಿತ್ಸೆ ಸಿಗುತ್ತದೆ, ಸೇರಿದರೆ ಅದರಲ್ಲಿ ಯಾವುದು ಬದಲಾಗುತ್ತದೆ?’ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗುವವರೆಗೆ ಸಹಿ ಬೇಡ.

ಪ್ರಶ್ನೆ: ಪತ್ನಿಗೆ ಯಾವ ಚಿಕಿತ್ಸೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದಂತೆ. ಓದಿದ ವೈದ್ಯರು ಇದ್ದೂ ಹೀಗೇಕೆ? ಒಂದು ಗುಂಪಿಗೆ ಬರೀ ಸಕ್ಕರೆ ಗುಳಿಗೆ ಕೊಡುತ್ತಾರೆ ಎಂಬುದು ನಿಜವೇ?
– ಓದುಗರು, ಶಿರಸಿ

ಉತ್ತರ: ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ವೈದ್ಯಲೋಕಕ್ಕೆ ನಿಜವಾಗಿಯೂ ತಿಳಿಯದಿದ್ದಾಗ ಮಾತ್ರ ಹೀಗೆ ಹಂಚುವುದು ನ್ಯಾಯ. ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರಿಗೆ ಹೊಸದನ್ನೂ ಬಳಲಿದವರಿಗೆ ಹಳೆಯದನ್ನೂ ಕೊಡುವ ಸಂಭವವಿದೆ, ಆಗ ಗೆದ್ದದ್ದು ಔಷಧವೋ ದೇಹಬಲವೋ ತಿಳಿಯುವುದಿಲ್ಲ.

ವೈದ್ಯರ ನಂಬಿಕೆಯನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ನೋವಿನ ಉದಾಹರಣೆ ಇದೆ. 1990ರ ದಶಕದಲ್ಲಿ, ಮರುಕಳಿಸುವ ಅಪಾಯ ಹೆಚ್ಚಿರುವ ಸ್ತನ ಕ್ಯಾನ್ಸರಿಗೆ ವಿಪರೀತ ಪ್ರಮಾಣದ ಕಿಮೋ ಕೊಟ್ಟು, ಅದರಿಂದ ನಾಶವಾಗುವ ಅಸ್ಥಿಮಜ್ಜೆಯ ಬದಲಿಗೆ ರೋಗಿಯದೇ ಆಕರಕೋಶಗಳನ್ನು, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳನ್ನು, ತುಂಬುವ ಪದ್ಧತಿ ಅಮೆರಿಕದಲ್ಲಿ ವ್ಯಾಪಕವಾಗಿ ಹಬ್ಬಿತು. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂದು ವೈದ್ಯರೂ ನಂಬಿದರು, ರೋಗಿಗಳೂ ನಂಬಿದರು. ಸಾವಿರಾರು ಹೆಂಗಸರು ಪ್ರಯೋಗದ ಹೊರಗೇ ಅದನ್ನು ಪಡೆದರು, ಕೆಲವರು ಆ ಚಿಕಿತ್ಸೆಯಿಂದಲೇ ತೀರಿಕೊಂಡರು. 1999ರಲ್ಲಿ ಚೀಟಿ ಎತ್ತಿ ಹಂಚಿದ ಪ್ರಯೋಗಗಳ ಫಲಿತಾಂಶ ಬಂದಾಗ ಸಾಮಾನ್ಯ ಕಿಮೋಗಿಂತ ಅದು ಹೆಚ್ಚೇನೂ ಅಲ್ಲವೆಂದು ತಿಳಿಯಿತು. ಲಾಭವಿದೆ ಎಂದಿದ್ದ ದಕ್ಷಿಣ ಆಫ್ರಿಕಾದ ಒಂದು ಅಧ್ಯಯನ ಮರುವರ್ಷ ಸುಳ್ಳೆಂದು ಸಾಬೀತಾಯಿತು.

ಸಕ್ಕರೆ ಗುಳಿಗೆಯ ಭಯಕ್ಕೆ ಆಧಾರವಿಲ್ಲದೆ ಇಲ್ಲ, ಆದರೆ ನೀವು ತಿಳಿದ ರೀತಿಯಲ್ಲಿ ಅಲ್ಲ. ಆಪರೇಷನ್, ಕಿಮೋ ಮೊದಲಾದ ಅಗತ್ಯ ಚಿಕಿತ್ಸೆ ಎರಡೂ ಗುಂಪಿಗೆ ಸಿಗುತ್ತದೆ; ಅದರ ಜೊತೆಗೆ ಒಂದು ಗುಂಪಿಗೆ ಹೊಸ ಔಷಧ, ಕೆಲವೊಮ್ಮೆ ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆ. ಹಾಗಿದ್ದರೆ ಅದನ್ನು ಮಾಹಿತಿ ಪತ್ರದಲ್ಲಿ ಬರೆದಿರಲೇಬೇಕು.

ನಮ್ಮ ದೇಶದ್ದೇ ಒಂದು ಪ್ರಯೋಗವನ್ನು ನೋಡಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಭಾರತದ 11 ಕೇಂದ್ರಗಳಲ್ಲಿ, ನೇರವಾಗಿ ಆಪರೇಷನ್‌ಗೆ ಹೊರಟಿದ್ದ ಆರಂಭಿಕ ಸ್ತನ ಕ್ಯಾನ್ಸರಿನ 1600 ಮಂದಿಯನ್ನು ಎರಡು ಗುಂಪಾಗಿ ಹಂಚಿದರು. ಎಲ್ಲರಿಗೂ ಅದೇ ಆಪರೇಷನ್, ಆಮೇಲಿನ ಅವೇ ಚಿಕಿತ್ಸೆಗಳು. ವ್ಯತ್ಯಾಸ ಇಷ್ಟೇ: ಒಂದು ಗುಂಪಿನವರಿಗೆ, ಅರಿವಳಿಕೆ ಕೊಟ್ಟ ಮೇಲೆ, ಕತ್ತರಿ ತಾಗುವ 7ರಿಂದ 10 ನಿಮಿಷ ಮೊದಲು, ಹಲ್ಲು ಕೀಳುವಾಗ ಮರಗಟ್ಟಿಸಲು ಚುಚ್ಚುವ ಲಿಡೋಕೇನ್ ಔಷಧವನ್ನು ಗಂಟಿನ ಸುತ್ತ ಎಲ್ಲ ಮಗ್ಗುಲಿಗೂ ಚುಚ್ಚಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಐದು ವರ್ಷಗಳ ಬಳಿಕ ಬದುಕಿದ್ದವರು ಚುಚ್ಚಿಸಿಕೊಂಡವರಲ್ಲಿ ಶೇ. 90.1, ಉಳಿದವರಲ್ಲಿ ಶೇ. 86.4. ಇನ್ನೊಂದು ಪ್ರಯೋಗದಲ್ಲೂ ಇದು ದೃಢಪಡಲಿ ಎನ್ನುವ ವೈದ್ಯರಿದ್ದಾರೆ, ಅದು ಸರಿಯಾದ ಎಚ್ಚರಿಕೆಯೇ. ಆದರೂ ಅತಿ ಅಗ್ಗದ, ಯಾವ ಸಣ್ಣ ಊರಿನ ಆಪರೇಷನ್ ಕೊಠಡಿಯಲ್ಲೂ ಇರುವ ಒಂದು ಔಷಧದ ಬಗ್ಗೆ ಇಂಥ ಪ್ರಶ್ನೆ ಕೇಳಿದ್ದು ನಮ್ಮವರು, ಉತ್ತರ ಕೊಟ್ಟದ್ದು ನಮ್ಮ ಹೆಂಗಸರು ಎಂಬುದು ನನಗೆ ದೊಡ್ಡ ವಿಷಯ.

ಪ್ರಶ್ನೆ: ಪ್ರಯೋಗದಿಂದ ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ? ನಡುವೆ ಬಿಡಬಹುದೇ?
– ಓದುಗರು, ಹೊನ್ನಾವರ

ಉತ್ತರ: ಯಾವಾಗ ಬೇಕಾದರೂ, ಕಾರಣ ಹೇಳದೆ ಬಿಡಬಹುದು, ಮುಂದಿನ ಚಿಕಿತ್ಸೆಗೆ ಅದರಿಂದ ಅಡ್ಡಿಯಾಗಬಾರದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗದ ಅವಧಿಯಲ್ಲಿ ಹಾನಿಯಾದರೆ, ಅದಕ್ಕೂ ಪ್ರಯೋಗಕ್ಕೂ ಸಂಬಂಧವಿಲ್ಲವೆಂದು ಖಚಿತವಾಗುವವರೆಗೆ ಉಚಿತ ಚಿಕಿತ್ಸೆ ಕೊಡಬೇಕು. ಸಂಬಂಧವಿದೆಯೆಂದಾದರೆ ಪರಿಹಾರವನ್ನೂ ಕೊಡಬೇಕು. ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನರಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಯ ಹೊರಗಿನವರಾಗಿರಬೇಕು. ಸಹಿ ಹಾಕಿದ ಪತ್ರದ ಪ್ರತಿಯನ್ನು ಕೇಳಿ ಪಡೆದು, ಮನೆಯ ದಾಖಲೆಗಳ ಜೊತೆ ಇಟ್ಟುಕೊಳ್ಳಿ.

ಪ್ರಶ್ನೆ: ಪರಿಚಯದವರೊಬ್ಬರು ‘ಪ್ರಯೋಗದಲ್ಲಿರುವ ಹೊಸ ಔಷಧ’ ಎಂದು ತಿಂಗಳಿಗಿಷ್ಟು ಹಣ ಕೇಳುತ್ತಿದ್ದಾರೆ. ಆಪರೇಷನ್ ಮುಂದೂಡಿ ಎಂದೂ ಹೇಳುತ್ತಾರೆ. ನಂಬಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಬೇಡ. ಪರೀಕ್ಷೆಯಲ್ಲಿರುವ ಔಷಧವನ್ನು ರೋಗಿಗೆ ಮಾರುವುದು ಪ್ರಯೋಗದ ರೀತಿಯಲ್ಲ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಕೇಂದ್ರ, ಚಿಕ್ಕದಾಗಿ ಸಿಟಿಆರ್‌ಐ, 2007ರಿಂದ ಇದೆ. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ‘ಸಿಟಿಆರ್‌ಐ’ ಎಂಬ ಅಕ್ಷರಗಳು, ಅನಂತರ ವರ್ಷ, ತಿಂಗಳು, ಆಮೇಲೊಂದು ಸಂಖ್ಯೆ, ಹೀಗೆ ಅದರ ಗುರುತು ಇರುತ್ತದೆ, ಮತ್ತು ಯಾರು ಬೇಕಾದರೂ ಅಂತರ್ಜಾಲದಲ್ಲಿ ಅದನ್ನು ಪರಿಶೀಲಿಸಬಹುದು. ಆ ಸಂಖ್ಯೆ ಕೊಡಲಾಗದವರಿಗಾಗಿ ಆಪರೇಷನ್ನನ್ನು ಒಂದು ವಾರವೂ ಮುಂದೂಡಬೇಡಿ. ನಿಜವಾದ ಪ್ರಯೋಗಕ್ಕೆ ಸೇರುವ ಆಸೆಯಿದ್ದರೆ ಆಪರೇಷನ್‌ಗೆ ಮೊದಲೇ ವೈದ್ಯರನ್ನು ಕೇಳಿ, ಏಕೆಂದರೆ ಗಂಟು ಇರುವಾಗಲೇ ಔಷಧ ಶುರುಮಾಡುವ ಪ್ರಯೋಗಗಳಿಗೆ ಆಪರೇಷನ್ ಆದವರು ಸೇರಲಾಗದು. ಬಯಾಪ್ಸಿಯಲ್ಲಿ, ಕ್ಯಾನ್ಸರ್ ಕಣಗಳು ಹಾರ್ಮೋನಿಗೆ ಸ್ಪಂದಿಸುತ್ತವೆಯೇ, ಹರ್-2 ಎಂಬ ಪ್ರೋಟೀನ್ ಅವುಗಳಲ್ಲಿ ಹೆಚ್ಚಿದೆಯೇ ಎಂದು ತಿಳಿಸುವ ಇಆರ್, ಪಿಆರ್, ಹರ್-2 ಎಂಬ ಮೂರು ಪರೀಕ್ಷೆಗಳ ಫಲಿತಾಂಶವೂ ಕೈಯಲ್ಲಿರಬೇಕು. ಯಾವ ಪ್ರಯೋಗಕ್ಕೆ ಅರ್ಹರು ಎಂಬುದು ಬಹುಪಾಲು ಅದರ ಮೇಲೆ ನಿಂತಿದೆ.

ಪ್ರಶ್ನೆ: ನಮ್ಮ ಜಿಲ್ಲೆಯಿಂದ ಹುಬ್ಬಳ್ಳಿ, ಮಣಿಪಾಲ, ಬೆಂಗಳೂರು, ಗೋವಾ, ಎಲ್ಲವೂ ದೂರ. ಇಷ್ಟು ಓಡಾಟ ಸಾಧ್ಯವೇ?
– ಓದುಗರು, ಕಾರವಾರ

ಉತ್ತರ: ನ್ಯಾಯವಾದ ಪ್ರಶ್ನೆ. ಪ್ರಯೋಗದಲ್ಲಿ ಭೇಟಿಯ ದಿನಗಳು ನಿಗದಿಯಾಗಿರುತ್ತವೆ, ಅಂಥ ದಿನ ಘಟ್ಟ ಕುಸಿದರೆ ಕಷ್ಟ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಎಷ್ಟು ಭೇಟಿ, ಪ್ರಯಾಣದ ಖರ್ಚು ಕೊಡುತ್ತಾರೆಯೇ, ಕೆಲವು ರಕ್ತಪರೀಕ್ಷೆಗಳನ್ನು ಕಾರವಾರದಲ್ಲೇ ಮಾಡಿಸಬಹುದೇ ಎಂದು ಮೊದಲೇ ಕೇಳಿ. ಓಡಾಟ ಕಡಿಮೆ ಮಾಡಿಸಿದ ಪ್ರಯೋಗಗಳೂ ಇವೆ ಎಂಬುದನ್ನು ಮರೆಯಬಾರದು. ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್ ಹಿಂದೆ ಐದು ವಾರ ನಡೆಯುತ್ತಿತ್ತು, ಪ್ರಯೋಗಗಳಿಂದ ಮೂರು ವಾರಕ್ಕೆ ಇಳಿಯಿತು. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಫಾಸ್ಟ್ ಫಾರ್ವರ್ಡ್ ಪ್ರಯೋಗ 4096 ಮಂದಿಯಲ್ಲಿ, ಮೂರು ವಾರಗಳ 15 ಸರದಿಗಿಂತ ಒಂದೇ ವಾರದ 5 ಸರದಿ ಕಡಿಮೆಯೇನಲ್ಲ ಎಂದು ತೋರಿಸಿತು. ಎಲ್ಲರಿಗೂ ಅದು ಹೊಂದುವುದಿಲ್ಲ, ಆದರೆ ನನಗೆ ಹೊಂದುತ್ತದೆಯೇ ಎಂದು ಕೇಳಲು ಸಂಕೋಚ ಬೇಡ. ಅಡಿಕೆ ಕೊಯ್ಲಿನ ಹೊತ್ತಿಗೆ ಮೂರು ವಾರ ಮನೆ ಬಿಡಲಾಗದೆಂದು ರೇಡಿಯೇಷನ್ನನ್ನೇ ಕೈಬಿಟ್ಟವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಮೂರು ವರ್ಷಗಳ ಹಿಂದೆ ನಾನು ಒಂದು ಪ್ರಯೋಗಕ್ಕೆ ಸೇರಿದೆ. ಹೊಸ ಔಷಧ ಇಲ್ಲದ ಗುಂಪು ನನಗೆ ಬಂತು. ಈಗ ಆರೋಗ್ಯವಾಗಿದ್ದೇನೆ. ಆರು ತಿಂಗಳಿಗೊಮ್ಮೆ ಕರೆದು ಪರೀಕ್ಷಿಸುತ್ತಾರೆ, ಆದರೆ ಪ್ರಯೋಗದಿಂದ ಏನು ತಿಳಿಯಿತು ಎಂದು ಯಾರೂ ಹೇಳಿಲ್ಲ. ನಾನು ಕೇಳಬಹುದೇ? ನನ್ನಿಂದ ಏನಾದರೂ ಉಪಯೋಗವಾಯಿತೇ?
– ಓದುಗರು, ಅಂಕೋಲಾ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಬಹುದು, ಕೇಳಲೇಬೇಕು. ಹೊಸ ಔಷಧ ಸಿಗದ ಗುಂಪು ಇಲ್ಲದಿದ್ದರೆ ಹೊಸದು ಮೇಲೋ ಅಲ್ಲವೋ ಎಂದು ಹೇಳಲು ಅಳತೆಗೋಲೇ ಇರುವುದಿಲ್ಲ. ಪ್ರಯೋಗದಲ್ಲಿ ನಿಮ್ಮ ಪಾಲು ಔಷಧ ಪಡೆದವರ ಪಾಲಿನಷ್ಟೇ ದೊಡ್ಡದು. ಮೂರು ವರ್ಷಕ್ಕೆ ಫಲಿತಾಂಶ ಬಾರದಿರುವುದು ಸಹಜ, ಏಕೆಂದರೆ ಆರಂಭಿಕ ಹಂತದಲ್ಲಿ ಚಿಕಿತ್ಸೆ ಪಡೆದವರಲ್ಲಿ ಕಾಯಿಲೆ ಮರಳುವುದು ನಿಧಾನ, ಕೆಲವರಲ್ಲಿ ಹತ್ತು ವರ್ಷ ಕಳೆದ ಮೇಲೂ ಮರಳಬಹುದು, ಆದ್ದರಿಂದ ಬಹಳ ವರ್ಷ ಕಾಯಬೇಕಾಗುತ್ತದೆ. ಅದಕ್ಕಾಗಿಯೇ ಆರು ತಿಂಗಳ ಭೇಟಿಯನ್ನು, ಆರೋಗ್ಯವಾಗಿದ್ದರೂ, ತಪ್ಪಿಸಬೇಡಿ. ಆದರೆ ಪ್ರಯೋಗ ಎಲ್ಲಿಯವರೆಗೆ ಬಂದಿದೆ ಎಂದು ನಿಮಗೆ ಹೇಳದಿರುವುದು ತಪ್ಪು, ನಮ್ಮ ವೃತ್ತಿಯವರ ತಪ್ಪು. ಒಪ್ಪಿಗೆ ಪತ್ರದ ನಿಮ್ಮ ಪ್ರತಿಯಲ್ಲಿ ಮುಖ್ಯ ಸಂಶೋಧಕರ ಮತ್ತು ನೈತಿಕ ಸಮಿತಿಯ ವಿಳಾಸ ಇರುತ್ತದೆ. ಮುಂದಿನ ಭೇಟಿಗೆ ಅದನ್ನು ಒಯ್ದು, ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ರೋಗಿಗಳ ಸೇರ್ಪಡೆ ಮುಗಿಯಿತೇ, ಮೊದಲ ಫಲಿತಾಂಶ ಯಾವ ವರ್ಷ ನಿರೀಕ್ಷಿಸಬಹುದು, ಹೊಸ ಔಷಧ ಮೇಲೆಂದು ತಿಳಿದರೆ ನನ್ನ ಗುಂಪಿನವರಿಗೆ ಅದನ್ನು ಕೊಡುವ ಏರ್ಪಾಡು ಇದೆಯೇ. ಉತ್ತರವನ್ನು ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ, ಮತ್ತು ಸಾಧ್ಯವಾದರೆ ನನಗೂ ತಿಳಿಸಿ.