ವರ್ಕ್‌ಶಾಪ್ ಪ್ರಶ್ನೋತ್ತರ: ಮಿಗ್ ಯಂತ್ರದ ಮೂರನೆಯ ನಾಬ್

ಪ್ರಶ್ನೆ: ರಾಣೆಬೆನ್ನೂರಿನ ಹತ್ತಿರ ನಮ್ಮದೊಂದು ಚಿಕ್ಕ ಫ್ಯಾಬ್ರಿಕೇಷನ್ ವರ್ಕ್‌ಶಾಪ್ ಇದೆ. ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತೇವೆ. ಬಹಳ ವರ್ಷ ರಾಡ್ ವೆಲ್ಡಿಂಗ್ ಮಾಡಿದ ನಂತರ ಈಚೆಗೆ ವೈರನ್ನು ತಾನಾಗಿಯೇ ತಳ್ಳಿ ಗ್ಯಾಸಿನ ರಕ್ಷಣೆಯಲ್ಲಿ ವೆಲ್ಡ್ ಮಾಡುವ ಇನ್ವರ್ಟರ್ ಮಿಗ್ ಯಂತ್ರ ತಂದಿದ್ದೇವೆ. ವೋಲ್ಟೇಜ್ ಮತ್ತು ವೈರ್ ವೇಗದ ನಾಬ್‌ಗಳು ಅರ್ಥವಾಗಿವೆ. ಮೂರನೆಯದಾಗಿ 0ಯಿಂದ 10ರವರೆಗೆ ಅಂಕಿ ಇರುವ ‘ಇಂಡಕ್ಟೆನ್ಸ್’ ನಾಬ್ ಇದೆ. ಯಂತ್ರ ಮಾರಿದವರು ಅದನ್ನು ನಡುವೆ ಇಟ್ಟು ಮರೆತುಬಿಡಿ ಎಂದರು. ಆದರೆ 16 ಗೇಜ್ ಸ್ಕ್ವೇರ್ ಪೈಪಿಗೆ 0.8 ಮಿ.ಮೀ. ವೈರಿನಲ್ಲಿ, ಬರೀ ಸಿಓಟು (ಇಂಗಾಲದ ಡೈಆಕ್ಸೈಡ್) ಗ್ಯಾಸಿನಲ್ಲಿ ವೆಲ್ಡ್ ಮಾಡುವಾಗ ಸ್ಪ್ಯಾಟರ್ (ಸಿಡಿದು ಅಂಟುವ ಲೋಹದ ಹನಿಗಳು) ಎಷ್ಟು ಬೀಳುತ್ತದೆ ಎಂದರೆ ವೆಲ್ಡಿಂಗಿಗಿಂತ ಗ್ರೈಂಡಿಂಗಿಗೇ ಹೆಚ್ಚು ಹೊತ್ತು ಹೋಗುತ್ತದೆ. ಈ ನಾಬ್ ನಿಜವಾಗಿ ಏನು ಮಾಡುತ್ತದೆ?

ಉತ್ತರ: ನಡುವೆ ಇಡಿ ಎಂದದ್ದು ತಪ್ಪಲ್ಲ, ಮರೆತುಬಿಡಿ ಎಂದದ್ದು ತಪ್ಪು.

ಮೊದಲು ಆರ್ಕ್‌ನ, ಅಂದರೆ ವೈರಿಗೂ ಲೋಹಕ್ಕೂ ನಡುವೆ ಉರಿಯುವ ವಿದ್ಯುತ್ ಕಿಡಿಯ, ಒಳಗೆ ನಡೆಯುವುದನ್ನು ನೋಡೋಣ. ನೀವು ಹೇಳುವ ತೆಳು ಕೆಲಸದಲ್ಲಿ ಆರ್ಕ್ ಒಂದೇ ಸಮನೆ ಉರಿಯುತ್ತಿದೆ ಎಂದು ಕಣ್ಣಿಗೆ ಕಂಡರೂ, ವಾಸ್ತವದಲ್ಲಿ ವೈರಿನ ತುದಿ ಸೆಕೆಂಡಿಗೆ 20ರಿಂದ 200 ಬಾರಿ ಕರಗಿದ ಲೋಹದ ಹೊಂಡವನ್ನು ಮುಟ್ಟುತ್ತಿರುತ್ತದೆ. ಮುಟ್ಟಿದ ಕೂಡಲೇ ಶಾರ್ಟ್ ಸರ್ಕೀಟ್ ಆಗಿ ಆರ್ಕ್ ಆರುತ್ತದೆ, ಕರೆಂಟ್ ಏರುತ್ತದೆ. ಏರಿದ ಕರೆಂಟಿನ ಕಾಂತಬಲವು ವೈರಿಗೂ ಹೊಂಡಕ್ಕೂ ನಡುವೆ ಇರುವ ದ್ರವಲೋಹದ ಕೊರಳನ್ನು ಹಿಸುಕುತ್ತದೆ, ಹನಿ ಕಳಚಿ ಹೊಂಡಕ್ಕೆ ಸೇರುತ್ತದೆ, ಆರ್ಕ್ ಮತ್ತೆ ಹೊತ್ತಿಕೊಳ್ಳುತ್ತದೆ. ನೀವು ಕೇಳುವ ಚರಚರ ಸದ್ದು ಇದೇ ಮುಟ್ಟು–ಬಿಡು ಆಟದ ಸದ್ದು.

ಇಂಡಕ್ಟೆನ್ಸ್ ನಿರ್ಧರಿಸುವುದು ಆ ಶಾರ್ಟ್‌ನಲ್ಲಿ ಕರೆಂಟ್ ಎಷ್ಟು ಬೇಗ ಏರಬೇಕು ಎಂಬುದನ್ನು ಮಾತ್ರ. ಹಳೆಯ ಟ್ಯೂಬ್‌ಲೈಟಿನ ಚೋಕ್ ನಿಮಗೆ ಗೊತ್ತಿದೆ. ಕಬ್ಬಿಣದ ತಗಡುಗಳ ಮೇಲೆ ಸುತ್ತಿದ ಆ ತಾಮ್ರದ ಸುರುಳಿ ತನ್ನ ಮೂಲಕ ಹರಿಯುವ ಕರೆಂಟಿನ ಬದಲಾವಣೆಯನ್ನು ವಿರೋಧಿಸುತ್ತದೆ. ವೆಲ್ಡಿಂಗ್ ಯಂತ್ರದಲ್ಲಿಯೂ ಅಂಥದೇ ಚೋಕ್ ಇರುತ್ತದೆ. ಇನ್ವರ್ಟರ್ ಯಂತ್ರಗಳಲ್ಲಿ ಅದರ ಕೆಲಸದ ಬಹುಪಾಲನ್ನು ಎಲೆಕ್ಟ್ರಾನಿಕ್ ನಿಯಂತ್ರಣವೇ ನಿರ್ವಹಿಸುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಟ್ಯೂಬ್‌ಲೈಟಿನ ಎಸಿ ಕರೆಂಟ್ ಸದಾ ಬದಲಾಗುತ್ತಲೇ ಇರುವುದರಿಂದ ಅಲ್ಲಿ ಚೋಕ್ ಕರೆಂಟಿನ ಪ್ರಮಾಣವನ್ನೂ ತಗ್ಗಿಸುತ್ತದೆ. ಮಿಗ್‌ನ ಡಿಸಿಯಲ್ಲಿ ಅದು ಏರುವ ಮತ್ತು ಇಳಿಯುವ ವೇಗವನ್ನಷ್ಟೇ ತಗ್ಗಿಸುತ್ತದೆ. ಇಂಡಕ್ಟೆನ್ಸ್ ಹೆಚ್ಚಿಸಿದರೆ ಕರೆಂಟ್ ಕಡಿಮೆಯಾಗುತ್ತದೆ ಎಂದು ಅನೇಕ ಅನುಭವಿಗಳೂ ಹೇಳುವುದನ್ನು ಕೇಳಿದ್ದೇನೆ. ಕರೆಂಟನ್ನು ನಿರ್ಧರಿಸುವುದು ಮುಖ್ಯವಾಗಿ ವೈರಿನ ವೇಗ, ಈ ನಾಬ್ ಅಲ್ಲ.

ಲೆಕ್ಕದಲ್ಲಿ ಹೇಳುವುದಾದರೆ, 20 ವೋಲ್ಟ್ ಒತ್ತಡದಲ್ಲಿ ಇಂಡಕ್ಟೆನ್ಸ್ 0.2 ಮಿಲಿಹೆನ್ರಿ ಇದ್ದರೆ, ಕೇಬಲ್ಲಿನ ರೋಧವನ್ನು ಬದಿಗಿಟ್ಟಾಗ, ಕರೆಂಟ್ ಪ್ರತಿ ಮಿಲಿಸೆಕೆಂಡಿಗೆ 100 ಆಂಪಿಯರ್‌ನಂತೆ ಏರುತ್ತದೆ, 0.4 ಮಿಲಿಹೆನ್ರಿ ಆದರೆ 50 ಆಂಪಿಯರ್‌ನಂತೆ. ಶಾರ್ಟ್ ಇರುವುದೇ ಕೆಲವು ಮಿಲಿಸೆಕೆಂಡ್ ಮಾತ್ರ ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ವೇಗವಾಗಿ ಏರಿದರೆ, ಕೊರಳು ತುಂಡಾಗುವ ಹೊತ್ತಿಗೆ ಕರೆಂಟ್ ವಿಪರೀತವಾಗಿದ್ದು, ಫ್ಯೂಸ್ ತಂತಿ ಸಿಡಿದಂತೆ ಲೋಹ ಸಿಡಿಯುತ್ತದೆ. ಅದೇ ನಿಮ್ಮ ಸ್ಪ್ಯಾಟರ್. ಸಾವಧಾನವಾಗಿ ಏರಿದರೆ ಹನಿ ಮೆತ್ತಗೆ ಇಳಿಯುತ್ತದೆ, ಸೆಕೆಂಡಿಗೆ ಆಗುವ ಶಾರ್ಟ್‌ಗಳು ಕಡಿಮೆಯಾಗುತ್ತವೆ, ಎರಡು ಶಾರ್ಟ್‌ಗಳ ನಡುವೆ ಆರ್ಕ್ ಹೆಚ್ಚು ಹೊತ್ತು ಉರಿದು ಹೊಂಡ ಬಿಸಿಯಾಗಿ ತೆಳ್ಳಗೆ ಹರಡುತ್ತದೆ, ಬೀಡ್, ಅಂದರೆ ಗಟ್ಟಿಯಾದ ವೆಲ್ಡ್‌ನ ಸಾಲು, ಚಪ್ಪಟೆಯಾಗಿ ಎರಡೂ ಅಂಚಿಗೆ ಹೊಂದಿಕೊಳ್ಳುತ್ತದೆ.

ಹಾಗಿದ್ದರೆ ನಾಬನ್ನು 10ಕ್ಕೆ ತಿರುಗಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲೇ ತೊಡಕಿರುವುದು. ಕರೆಂಟ್ ತೀರಾ ಮಂದವಾಗಿ ಏರಿದರೆ ಕೊರಳು ಸಮಯಕ್ಕೆ ಸರಿಯಾಗಿ ತುಂಡಾಗುವುದಿಲ್ಲ. ಫೀಡರ್ ಮಾತ್ರ ವೈರನ್ನು ತಳ್ಳುತ್ತಲೇ ಇರುತ್ತದೆ. ಕರಗದ ವೈರು ಹೊಂಡದ ತಳಕ್ಕೆ ಹೋಗಿ ಗುದ್ದುತ್ತದೆ, ಟಾರ್ಚ್ ಕೈಯಲ್ಲಿ ಹಿಂದಕ್ಕೆ ಒದ್ದಂತಾಗುತ್ತದೆ, ಕೊನೆಗೆ ವೈರಿನ ಒಂದು ತುಂಡೇ ಸಿಡಿದು ದೊಡ್ಡ ಗುಂಡುಗಳು ಹಾರುತ್ತವೆ. ಅಂದರೆ ಸ್ಪ್ಯಾಟರ್ ಎರಡೂ ತುದಿಗಳಲ್ಲಿ ಇದೆ: ಒಂದು ಕಡೆ ಸಣ್ಣದಾಗಿ, ಚುರುಕಾಗಿ, ಬಹಳ; ಇನ್ನೊಂದು ಕಡೆ ವಿರಳವಾಗಿ, ದಪ್ಪವಾಗಿ. ಇದಲ್ಲದೆ ಇಂಡಕ್ಟೆನ್ಸ್ ಹೆಚ್ಚಿದ್ದಾಗ ಆರ್ಕ್ ಹೊತ್ತಿಕೊಳ್ಳುವುದೂ ತಡವಾಗುತ್ತದೆ. ಗ್ರಿಲ್ ಕೆಲಸದಲ್ಲಿ ಚುಕ್ಕೆ ಚುಕ್ಕೆಯಾಗಿ ಟ್ಯಾಕ್ ಹಾಕುತ್ತಾ ಹೋಗುವವರಿಗೆ ಇದು ದೊಡ್ಡ ಕಿರಿಕಿರಿ.

ಈಗ ನಿಮ್ಮ ಪೈಪಿನ ವಿಷಯ. ನಾಬ್ ಮುಟ್ಟುವ ಮೊದಲು ಅರ್ತ್ ಕ್ಲ್ಯಾಂಪನ್ನು ಬಣ್ಣ, ತುಕ್ಕು ಇಲ್ಲದ ಜಾಗಕ್ಕೆ ಹಾಕಿ, ಸವೆದ ಕಾಂಟ್ಯಾಕ್ಟ್ ಟಿಪ್ (ವೈರಿಗೆ ಕರೆಂಟ್ ಕೊಡುವ ಟಾರ್ಚ್‌ನ ತುದಿ) ಬದಲಿಸಿ, ನಾಜಲ್ ಒಳಗಿನ ಸ್ಪ್ಯಾಟರ್ ತೆಗೆಯಿರಿ, ಟಿಪ್‌ನಿಂದ ಹೊರಗೆ ಚಾಚುವ ವೈರನ್ನು 10ರಿಂದ 12 ಮಿ.ಮೀ. ಒಳಗೆ ಇಡಿ. ಸ್ಪ್ಯಾಟರ್ ಎಂದು ದೂರುವವರ ಯಂತ್ರಗಳಲ್ಲಿ ಅರ್ಧಕ್ಕರ್ಧ ದೋಷ ಇಲ್ಲೇ ಇರುತ್ತದೆ ಎಂಬುದು ನನ್ನ ಅನಿಸಿಕೆ. ಸಡಿಲವಾದ ಕ್ಲ್ಯಾಂಪನ್ನು ಯಾವ ಇಂಡಕ್ಟೆನ್ಸೂ ಸರಿಪಡಿಸದು.

ನಂತರ ವೋಲ್ಟೇಜ್. ಮಿಗ್ ಯಂತ್ರಗಳ ಮಾನಕಗಳಲ್ಲಿ ಬಳಸುವ ಒಂದು ಸರಳ ಸೂತ್ರವಿದೆ: ಕರೆಂಟಿನ ಇಪ್ಪತ್ತನೆಯ ಒಂದು ಭಾಗಕ್ಕೆ 14 ಕೂಡಿಸಿ. 80 ಆಂಪಿಯರಿಗೆ 18 ವೋಲ್ಟ್, 100ಕ್ಕೆ 19. ಇದು ಹೊರಡುವ ಜಾಗ ಮಾತ್ರ. ಬರೀ ಸಿಓಟು ಆದರೆ ಆರ್ಗಾನ್ ಮಿಶ್ರಣಕ್ಕಿಂತ ಒಂದೆರಡು ವೋಲ್ಟ್ ಹೆಚ್ಚು ಬೇಡುತ್ತದೆ. ನಾಬನ್ನು ನಡುವೆಯೇ ಇಟ್ಟು, ವೋಲ್ಟೇಜ್ ಮತ್ತು ವೈರ್ ವೇಗಗಳನ್ನು ಹೊಂದಿಸಿ, ಆರ್ಕ್ ತಕ್ಕಮಟ್ಟಿಗೆ ಒಂದೇ ಸಮನಾದ ಮೇಲೆ ಅವೆರಡನ್ನೂ ಮುಟ್ಟಬೇಡಿ. ಅದೇ ಪೈಪಿನ ಚೂರು ತೆಗೆದುಕೊಂಡು, ಇಂಡಕ್ಟೆನ್ಸ್ 2ರಲ್ಲಿ ಒಂದು, 5ರಲ್ಲಿ ಒಂದು, 8ರಲ್ಲಿ ಒಂದು, ಹೀಗೆ ಗೇಣುದ್ದದ ಮೂರು ಬೀಡ್‌ಗಳನ್ನು ಪಕ್ಕಪಕ್ಕದಲ್ಲಿ ಹಾಕಿ, ಪ್ರತಿಯೊಂದರ ಮುಂದೆ ಸೀಮೆಸುಣ್ಣದಲ್ಲಿ ಅಂಕಿ ಬರೆಯಿರಿ. ಮೊದಲನೆಯದು ಎತ್ತರವಾಗಿ, ಕಿರಿದಾಗಿ, ಹಗ್ಗ ಹಾಸಿದಂತೆ ಕಾಣುತ್ತದೆ. ಕೊನೆಯದು ಅಗಲವಾಗಿ ಮಲಗಿರುತ್ತದೆ. ಸದ್ದೂ ಬೇರೆ: 2ರಲ್ಲಿ ಗಡುಸಾದ ಪಟಪಟ, 8ರಲ್ಲಿ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಏನೋ ಹುರಿಯುತ್ತಿರುವಂಥ ಮೃದುವಾದ ಸದ್ದು. 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ತಗಡಿಗೆ ನಡುವಿಗಿಂತ ಸ್ವಲ್ಪವೇ ಮೇಲೆ, 5 ಮತ್ತು 7ರ ನಡುವೆ ಎಲ್ಲೋ ನಿಮಗೆ ಬೇಕಾದದ್ದು ಸಿಗುವ ಸಂಭವವಿದೆ. ಹೆಚ್ಚಿಸಿದ ಮೇಲೆ ವೈರು ಗುದ್ದತೊಡಗಿದರೆ ಅರ್ಧ ವೋಲ್ಟ್ ಏರಿಸಿ ನೋಡಿ. ಪೈಪು ತೂತು ಬೀಳತೊಡಗಿದರೆ ಅಥವಾ ಗೇಟನ್ನು ನಿಲ್ಲಿಸಿಕೊಂಡು ಲಂಬವಾಗಿ ವೆಲ್ಡ್ ಮಾಡುವಾಗ ಲೋಹ ಜಾರತೊಡಗಿದರೆ ಇಂಡಕ್ಟೆನ್ಸನ್ನು ಇಳಿಸಿ. ಅಲ್ಲಿ ಬೇಕಾದದ್ದು ಬೇಗ ಗಟ್ಟಿಯಾಗುವ ಹೊಂಡ.

ಬರೀ ಸಿಓಟುವಿನಲ್ಲಿ ಸ್ಪ್ಯಾಟರ್ ಪೂರ್ತಿ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಆ ಅನಿಲದ ಗುಣವೇ ಅದು. 80 ಭಾಗ ಆರ್ಗಾನ್, 20 ಭಾಗ ಸಿಓಟು ಇರುವ ಸಿಲಿಂಡರ್ ದುಬಾರಿ ನಿಜ, ಆದರೆ ಗ್ರೈಂಡಿಂಗ್ ವೀಲು ಮತ್ತು ಕೂಲಿಯ ಲೆಕ್ಕ ಹಾಕಿಯೇ ಆ ತೀರ್ಮಾನಕ್ಕೆ ಬನ್ನಿ.

ನೀವು ಕೇಳದಿದ್ದರೂ ಟ್ರೇಲರ್ ಬಗ್ಗೆ ಒಂದು ಮಾತು. ಚಾಸಿಯ 8–10 ಮಿ.ಮೀ. ಚಾನೆಲ್ಲಿಗೆ ಇದೇ ಮುಟ್ಟು–ಬಿಡು ವಿಧಾನದ ಶಾರ್ಟ್ ಆರ್ಕ್‌ನಲ್ಲಿ ಇಂಡಕ್ಟೆನ್ಸ್ ಹೆಚ್ಚಿಸಿ ವೆಲ್ಡ್ ಮಾಡಿದರೆ ಬೀಡ್ ನುಣ್ಣಗೆ, ಚೆಂದವಾಗಿ ಬರುತ್ತದೆ, ಆದರೆ ಕೆಳಗಿನ ಲೋಹದೊಡನೆ ಬೆಸೆದಿರುವುದಿಲ್ಲ. ಬೆಲ್ಲದ ಪಾಕವನ್ನು ತಣ್ಣನೆಯ ತಟ್ಟೆಗೆ ಸುರಿದಂತೆ ಮೇಲೆ ಕುಳಿತಿರುತ್ತದೆ, ಅಷ್ಟೆ. ಅಲ್ಲಿ 1.2 ಮಿ.ಮೀ. ವೈರು, ಅದಕ್ಕೆ ತಕ್ಕ ಹೆಚ್ಚು ಕರೆಂಟು ಬೇಕು. ನಿಮ್ಮ ಯಂತ್ರಕ್ಕೆ ಆ ಶಕ್ತಿ ಇಲ್ಲದಿದ್ದರೆ ಕೊಂಡಿ ಮತ್ತು ಆಕ್ಸಲ್‌ ಭಾಗಗಳಿಗೆ ನಿಮ್ಮ ಹಳೆಯ ರಾಡ್ ವೆಲ್ಡಿಂಗೇ ಮೇಲು. ಅನುಮಾನವಿದ್ದರೆ ಎರಡು ಪಟ್ಟಿಗಳನ್ನು ‘ಟಿ’ ಆಕಾರದಲ್ಲಿ ನಿಲ್ಲಿಸಿ ಒಂದೇ ಬದಿಗೆ ವೆಲ್ಡ್ ಮಾಡಿ, ನಿಂತ ಪಟ್ಟಿ ವೆಲ್ಡ್‌ನ ಮೇಲೆಯೇ ಮಡಚಿ ಬೀಳುವಂತೆ ಸುತ್ತಿಗೆಯಿಂದ ಹೊಡೆದು ಮುರಿಯಿರಿ. ವೆಲ್ಡ್‌ನ ಬೇರಿನಲ್ಲಿ, ಅಂದರೆ ಎರಡು ಪಟ್ಟಿಗಳು ಕೂಡುವ ಮೂಲೆಯಲ್ಲಿ, ಪಟ್ಟಿಯ ಮೂಲ ಅಂಚು ಕರಗದೆ ಹಾಗೆಯೇ ಉಳಿದಿದ್ದರೆ ಉತ್ತರ ಸಿಕ್ಕಂತೆ.

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ಹೋಟೆಲ್ ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಮೇಜು, ಸಿಂಕ್ ತಯಾರಿಸುತ್ತೇವೆ. ಸಾದಾ ಕಬ್ಬಿಣಕ್ಕೆ ಇಟ್ಟಿದ್ದ ಸೆಟ್ಟಿಂಗ್‌ನಲ್ಲೇ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಮಿಗ್ ಮಾಡಿದರೆ ಬೀಡ್ ಉಬ್ಬಿಕೊಂಡು ಕಪ್ಪಾಗುತ್ತದೆ. ಏಕೆ?

ಉತ್ತರ: ಉಬ್ಬುವುದಕ್ಕೂ ಕಪ್ಪಾಗುವುದಕ್ಕೂ ಕಾರಣ ಬೇರೆ ಬೇರೆ. ಕಪ್ಪು ಬರುವುದು ಮುಖ್ಯವಾಗಿ ಗ್ಯಾಸಿನಿಂದ. ಸಾದಾ ಕಬ್ಬಿಣಕ್ಕೆ ಬಳಸುವ ಗ್ಯಾಸ್ ಮಿಶ್ರಣದಲ್ಲಿರುವ ಸಿಓಟು ಸ್ಟೇನ್‌ಲೆಸ್‌ಗೆ ಅತಿಯಾಯಿತು. ಅದು ಮೇಲ್ಮೈಯನ್ನು ಆಕ್ಸೈಡ್ ಮಾಡುವುದಲ್ಲದೆ ವೆಲ್ಡ್‌ಗೆ ಇಂಗಾಲವನ್ನೂ ಸೇರಿಸಿ ತುಕ್ಕು ತಡೆಯುವ ಗುಣವನ್ನೇ ಕೆಡಿಸುತ್ತದೆ. 98 ಭಾಗ ಆರ್ಗಾನ್, 2 ಭಾಗ ಸಿಓಟು ಇರುವ ಮಿಶ್ರಣ ತರಿಸಿ, 308 ಎಲ್ ದರ್ಜೆಯ ಸ್ಟೇನ್‌ಲೆಸ್ ವೈರು ಬಳಸಿ.

ಉಬ್ಬಿಗೆ ಮಾತ್ರ ಇಂಡಕ್ಟೆನ್ಸ್ ಉತ್ತರ. ಕರಗಿದ ಸ್ಟೇನ್‌ಲೆಸ್ ಸಾದಾ ಕಬ್ಬಿಣದಷ್ಟು ಸಲೀಸಾಗಿ ಹರಿಯುವುದಿಲ್ಲ, ಅಂಚಿಗೆ ಹರಡಿಕೊಂಡು ಅಂಟುವುದಿಲ್ಲ. ಆದ್ದರಿಂದ ಶಾರ್ಟ್ ಆರ್ಕ್‌ನಲ್ಲಿ ಅದಕ್ಕೆ ಸಾದಾ ಕಬ್ಬಿಣಕ್ಕಿಂತ ಸ್ಪಷ್ಟವಾಗಿ ಹೆಚ್ಚು ಇಂಡಕ್ಟೆನ್ಸ್ ಇಡಬೇಕು. ನಾಬ್‌ನ ಮೂರರಲ್ಲಿ ಎರಡು ಭಾಗದ ಮೇಲಿನಿಂದಲೇ ಪ್ರಯೋಗ ಶುರುಮಾಡಬಹುದು. ಆದರೆ ಸ್ಟೇನ್‌ಲೆಸ್ ಶಾಖವನ್ನು ಸಾದಾ ಕಬ್ಬಿಣದ ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಸಾಗಿಸುತ್ತದೆ, ಬಿಸಿಗೆ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಹೊಂಡ ಹರಿಯಲೆಂದು ನಿಧಾನವಾಗಿ ಸಾಗಿದರೆ ಮೇಜಿನ ಹಲಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಇಂಡಕ್ಟೆನ್ಸ್ ಹೆಚ್ಚಿಸಿ, ಟಾರ್ಚನ್ನು ಬೇಗ ಸಾಗಿಸಿ.

ಪ್ರಶ್ನೆ: ನಾನು ಐಟಿಐ ವೆಲ್ಡರ್ ಟ್ರೇಡ್ ವಿದ್ಯಾರ್ಥಿ. ‘ಸ್ಲೋಪ್’ ಮತ್ತು ‘ಇಂಡಕ್ಟೆನ್ಸ್’ ಎರಡೂ ಶಾರ್ಟ್ ಕರೆಂಟನ್ನು ಹತೋಟಿಯಲ್ಲಿಡುತ್ತವೆ ಎಂದು ಓದಿದೆ. ಹಾಗಾದರೆ ವ್ಯತ್ಯಾಸವೇನು?

ಉತ್ತರ: ಕೆರೆಯ ತೂಬನ್ನು ನೆನೆಯಿರಿ. ತೂಬಿನ ಬಾಯಿ ಎಷ್ಟು ದೊಡ್ಡದು ಎಂಬುದು ಗರಿಷ್ಠ ಹರಿವನ್ನು ಗೊತ್ತುಮಾಡುತ್ತದೆ. ಬಾಗಿಲನ್ನು ಎಷ್ಟು ಬೇಗ ಎತ್ತುತ್ತೀರಿ ಎಂಬುದು ಆ ಹರಿವು ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಗೊತ್ತುಮಾಡುತ್ತದೆ. ಸ್ಲೋಪ್ ಮೊದಲನೆಯದು: ಕರೆಂಟ್ ಹೆಚ್ಚಿದಂತೆ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ, ಆದ್ದರಿಂದ ಶಾರ್ಟ್‌ನಲ್ಲಿ ಕರೆಂಟ್ ಮುಟ್ಟಬಹುದಾದ ಎತ್ತರದ ಮಿತಿ. ಇಂಡಕ್ಟೆನ್ಸ್ ಎರಡನೆಯದು, ಆ ಎತ್ತರಕ್ಕೆ ಏರುವ ವೇಗ. ಸ್ಪ್ರೇ ವಿಧಾನದಲ್ಲಿ, ಅಂದರೆ ಹೆಚ್ಚು ಕರೆಂಟಿನಲ್ಲಿ ಲೋಹ ಸಣ್ಣ ಹನಿಗಳಾಗಿ ಆರ್ಕ್ ದಾಟಿ ಹೋಗುವಾಗ, ವೈರು ಹೊಂಡವನ್ನು ಮುಟ್ಟುವುದೇ ಇಲ್ಲವಾದ್ದರಿಂದ, ಆರ್ಕ್ ಹೊತ್ತಿಸುವ ಕ್ಷಣವನ್ನು ಬಿಟ್ಟರೆ, ಇಂಡಕ್ಟೆನ್ಸ್‌ಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆಯಲು ಮರೆಯಬೇಡಿ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಮಿಗ್ ಯಂತ್ರವೊಂದನ್ನು ಕೊಂಡೆ. ನಾಬ್ ಇಲ್ಲ, ಆದರೆ ಅರ್ತ್ ಕೇಬಲ್ಲಿಗೆ ಎರಡು ಸಾಕೆಟ್‌ಗಳಿವೆ. ಮೇಲಿನ ಬರಹ ಅಳಿಸಿಹೋಗಿದೆ. ಯಾವುದಕ್ಕೆ ಹಾಕಲಿ? ಗೆಳೆಯರ ಹೊಸ ಯಂತ್ರದಲ್ಲಿ ‘ಪಿಂಚ್’ ಎಂದು ಬರೆದಿದೆ. ಅದೂ ಇದೇ ಏನು?

ಉತ್ತರ: ಆ ಎರಡು ಸಾಕೆಟ್‌ಗಳು ಸಾಮಾನ್ಯವಾಗಿ ಒಳಗಿನ ಚೋಕ್‌ನ ಎರಡು ಬೇರೆ ಬೇರೆ ಸುತ್ತುಗಳಿಂದ ತೆಗೆದ ತುದಿಗಳು. ಹೆಚ್ಚು ಸುತ್ತು ದಾಟಿ ಬರುವುದು ಮೆತ್ತನೆಯ ಆರ್ಕ್, ಕಡಿಮೆ ಸುತ್ತಿನದು ಗಡುಸು ಆರ್ಕ್. ಯಂತ್ರವನ್ನು ಆಫ್ ಮಾಡಿ ಕೇಬಲ್ ಬದಲಿಸಿ, ಒಂದೇ ವೋಲ್ಟೇಜ್ ಮತ್ತು ವೈರ್ ವೇಗದಲ್ಲಿ ಎರಡು ಬೀಡ್ ಹಾಕಿ ನೋಡಿ. ಚಪ್ಪಟೆ ಬೀಡ್ ಕೊಟ್ಟ ಸಾಕೆಟ್‌ಗೆ ಬಣ್ಣದಲ್ಲಿ ಗುರುತು ಹಾಕಿ. ಉದ್ದನೆಯ ವೆಲ್ಡಿಂಗ್ ಕೇಬಲನ್ನು ಸಿಂಬಿ ಸುತ್ತಿ ಯಂತ್ರದ ಕಬ್ಬಿಣದ ಮೈಮೇಲೆ ಇಡುವ ಅಭ್ಯಾಸವಿದ್ದರೆ ಈ ಪರೀಕ್ಷೆಗೆ ಮೊದಲು ಅದನ್ನು ಬಿಡಿಸಿ ನೆಲದ ಮೇಲೆ ಹರವಿ, ಏಕೆಂದರೆ ಆ ಸಿಂಬಿಯೂ ಒಂದು ಚೋಕ್ ಆಗಿಬಿಟ್ಟಿರುತ್ತದೆ.

‘ಪಿಂಚ್’ ಎಂದರೆ ಹಿಸುಕುವಿಕೆ. ಅದು ಇದೇ ನಿಯಂತ್ರಣ, ಆದರೆ ತಿರುವುಮುರುವು: ಪಿಂಚ್ ಹೆಚ್ಚಿಸಿದರೆ ಆರ್ಕ್ ಗಡುಸಾಗುತ್ತದೆ, ಇಂಡಕ್ಟೆನ್ಸ್ ಹೆಚ್ಚಿಸಿದರೆ ಮೆತ್ತಗಾಗುತ್ತದೆ. ‘ಡೈನಾಮಿಕ್ಸ್’, ‘ಆರ್ಕ್ ಕಂಟ್ರೋಲ್’ ಎಂದು ಬರೆದಿರುವ ಯಂತ್ರಗಳಲ್ಲಿ ಪ್ಲಸ್ ಯಾವ ಕಡೆಗೆ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಆದ್ದರಿಂದ ಗೆಳೆಯರು ತಮ್ಮ ಯಂತ್ರದ ಅಂಕಿಯನ್ನು ನಿಮಗೆ ಹೇಳಿದರೆ ಅದನ್ನು ಬರೆದಿಟ್ಟುಕೊಳ್ಳಬೇಡಿ. ಅವರು ವೆಲ್ಡ್ ಮಾಡಿದ ಚೂರನ್ನು ಕೇಳಿ ತೆಗೆದುಕೊಂಡು ನಿಮ್ಮ ಬೀಡಿನ ಪಕ್ಕದಲ್ಲಿಟ್ಟು ಹೋಲಿಸಿ.