ಒಟ್ಟಿಗೆ ಕಾಣುವ ನಕ್ಷತ್ರಗಳು ನಿಜವಾಗಿಯೂ ಒಂದೇ ಗುಚ್ಛದವೇ? ತಿಳಿಯುವುದು ಹೇಗೆ?

ಮಲ್ಪೆಯ ತೀರದಲ್ಲಿ ಬೈನಾಕ್ಯುಲರ್ ಹಿಡಿದು ನೋಡುವಾಗ ನಕ್ಷತ್ರಗಳು ಅಲ್ಲಲ್ಲಿ ಗುಂಪುಗೂಡಿದಂತೆ ಕಾಣುತ್ತವೆ, ಅವುಗಳಲ್ಲಿ ನಿಜವಾದ ಗುಚ್ಛ, ಅಂದರೆ ಒಟ್ಟಿಗೆ ಹುಟ್ಟಿ ಒಟ್ಟಿಗೇ ಸಾಗುವ ನಕ್ಷತ್ರಗಳ ಗುಂಪು, ಯಾವುದು ಎಂದು ಕೇಳಿದ್ದೀರಿ. ಬರೀ ನೋಟದಿಂದ ಹೇಳಲು ಬರುವುದಿಲ್ಲ. ನೀವು ನಿಂತ ಜಾಗದಿಂದಲೇ ಒಮ್ಮೆ ರಾತ್ರಿಯ ಕಡಲನ್ನು ನೋಡಿ. ಮೀನುಗಾರಿಕೆ ದೋಣಿಗಳ ದೀಪಗಳು ಒತ್ತಾಗಿ ಕಂಡರೂ ಒಂದು ದಡದ ಹತ್ತಿರವಿರುತ್ತದೆ, ಪಕ್ಕದ್ದು ಆಳಸಮುದ್ರದಲ್ಲಿರುತ್ತದೆ. ಸ್ವಲ್ಪ ಹೊತ್ತು ಕಾದರೆ, ಜೊತೆಯಾಗಿ ಹೊರಟವು ಜೊತೆಯಲ್ಲೇ ಸಾಗುತ್ತವೆ, ಉಳಿದವು ಚದುರುತ್ತವೆ. ನಕ್ಷತ್ರಗಳ ವಿಷಯದಲ್ಲೂ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಚಲನೆಯನ್ನು.

ವೃಷಭ ರಾಶಿಯ ರೋಹಿಣಿಯನ್ನೇ ತೆಗೆದುಕೊಳ್ಳಿ. ಜನವರಿಯ ರಾತ್ರಿಗಳಲ್ಲಿ ಅದು ಉಡುಪಿಯವರ ನಡುನೆತ್ತಿಯ ಸಮೀಪದಲ್ಲೇ ಹಾದುಹೋಗುತ್ತದೆ. ಸುತ್ತಲೂ ಇಂಗ್ಲಿಷಿನ 'ವಿ' ಅಕ್ಷರದಂತೆ ಹರಡಿರುವುದು ಹಯಾಡಿಸ್ ಗುಚ್ಛ. ರೋಹಿಣಿಯೇ ಆ ಗುಂಪಿನ ಯಜಮಾನಿ ಎನ್ನುವಂತೆ ಕಾಣುತ್ತದೆ, ಆದರೆ ಅದಕ್ಕೂ ಗುಂಪಿಗೂ ಸಂಬಂಧವೇ ಇಲ್ಲ. ಹಯಾಡಿಸ್ ಸುಮಾರು 153 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ದೂರದಲ್ಲಿದೆ, ರೋಹಿಣಿ ಕೇವಲ 65. ಗುಚ್ಛದ ನಕ್ಷತ್ರಗಳು ಪೂರ್ವದ ಕಡೆಗೆ ಜರುಗುತ್ತಿದ್ದರೆ ರೋಹಿಣಿ ಹೆಚ್ಚಾಗಿ ದಕ್ಷಿಣಕ್ಕೆ ಜರುಗುತ್ತಿದೆ. ನಮ್ಮಿಂದ ದೂರ ಸರಿಯುವ ವೇಗವೂ ಬೇರೆ: ಗುಚ್ಛದ್ದು ಸೆಕೆಂಡಿಗೆ ಸುಮಾರು 39 ಕಿಲೋಮೀಟರ್, ರೋಹಿಣಿಯದು 54.

ಅದೇ ರಾಶಿಯ ಕೃತ್ತಿಕೆ ನಿಜವಾದ ಗುಚ್ಛ. ದೂರ ಅಳೆಯುವ ದಾರಿಯೇ ಇಲ್ಲದಿದ್ದ 1767ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಮಿಚೆಲ್ ಬರೀ ಲೆಕ್ಕದಿಂದ ಇದನ್ನು ಊಹಿಸಿದ. ಇಷ್ಟು ಪ್ರಕಾಶದ ನಕ್ಷತ್ರಗಳು ಆಕಸ್ಮಿಕವಾಗಿ ಇಷ್ಟು ಒತ್ತಾಗಿ ಬೀಳುವ ಸಾಧ್ಯತೆ ಸುಮಾರು ಐದು ಲಕ್ಷಕ್ಕೆ ಒಂದು ಎಂದು ಅವನು ತೋರಿಸಿದ. ಈ ವಾದ ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಆದರೆ ಸಂಭವನೀಯತೆ ಬಹಳ ದೂರ ಕೈಹಿಡಿಯುವುದಿಲ್ಲ. ಆಕಾಶದಲ್ಲಿ ಕೋಟಿಗಟ್ಟಲೆ ನಕ್ಷತ್ರಗಳಿರುವಾಗ ಎಲ್ಲೋ ಕೆಲವು ಒತ್ತಾಗಿ ಬೀಳಲೇಬೇಕು. ಫ್ರಾನ್ಸಿನ ಖಗೋಳಜ್ಞ ಮೆಸ್ಯೆ ಹದಿನೆಂಟನೆಯ ಶತಮಾನದಲ್ಲಿ ಮಾಡಿದ ಆಕಾಶಕಾಯಗಳ ಪಟ್ಟಿಯ ಎಂ73 ಎಂಬ ನಾಲ್ಕು ನಕ್ಷತ್ರಗಳ ಗುಂಪಿನ ಬಗ್ಗೆ ಬಹುಕಾಲ ವಾದ ನಡೆದಿತ್ತು. 2002ರಲ್ಲಿ ಪ್ರಕಟವಾದ ಅಧ್ಯಯನ ಅವುಗಳ ಚಲನೆಗಳು ಹೊಂದುವುದಿಲ್ಲ ಎಂದು ತೋರಿಸಿತು. ಬೈನಾಕ್ಯುಲರ್‌ನಲ್ಲಿ ಬಟ್ಟೆ ತೂಗುಹಾಕುವ ಹ್ಯಾಂಗರಿನಂತೆಯೇ ಕಾಣುವ 'ಕೋಟ್‌ಹ್ಯಾಂಗರ್' ಕೂಡ ಗುಚ್ಛವಲ್ಲ. 2013ರ ಡಿಸೆಂಬರಿನಲ್ಲಿ ಹಾರಿದ ಯುರೋಪಿನ ಗಾಯಾ ನೌಕೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ದೂರ ಮತ್ತು ಚಲನೆಯನ್ನು ಅಳೆದ ಮೇಲೆ ಇಂಥ ಇನ್ನೂ ಹಲವು ಹೆಸರುಗಳು ಗುಚ್ಛಗಳ ಪಟ್ಟಿಯಿಂದ ಬಿದ್ದುಹೋದವು.

ಚಲನೆ ಮತ್ತು ದೂರದ ನಂತರ ಮೂರನೆಯ ಸಾಕ್ಷಿ ವಯಸ್ಸು. ಅನಿಲ ಮತ್ತು ಧೂಳಿನ ಒಂದೇ ಮೋಡದಲ್ಲಿ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಬಣ್ಣವನ್ನೂ ಪ್ರಕಾಶವನ್ನೂ ನಕ್ಷೆಯಲ್ಲಿ ಗುರುತಿಸಿದರೆ ಅವು ಒಂದೇ ಗೆರೆಯ ಮೇಲೆ ಕೂರುತ್ತವೆ. ಸುಮಾರು ಹತ್ತು ಕೋಟಿ ವರ್ಷದ ಕೃತ್ತಿಕೆಯ ದೊಡ್ಡ ನಕ್ಷತ್ರಗಳು ಇನ್ನೂ ನೀಲಿಬಿಳುಪಾಗಿವೆ. ಅದಕ್ಕಿಂತ ಬಹಳ ಹಳೆಯ ಹಯಾಡಿಸ್‌ನಲ್ಲಿ ಕೆಲವು ಆಗಲೇ ಉಬ್ಬಿ ಹಳದಿಗೆ ತಿರುಗಿವೆ. ಬೈನಾಕ್ಯುಲರ್‌ನಲ್ಲಿ ಎರಡನ್ನೂ ಒಂದರ ಹಿಂದೊಂದು ನೋಡಿ, ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ.

ಮನೆಯಲ್ಲಿ ಪರೀಕ್ಷಿಸಬೇಕೆಂದರೆ ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದೇ ನಕ್ಷತ್ರದ ಮೇಲೆ ಕ್ಲಿಕ್ ಮಾಡಿ ದೂರ ಬರೆದುಕೊಳ್ಳಿ. ಏಪ್ರಿಲ್ ಸಂಜೆ ಉತ್ತರದಲ್ಲಿ ಕಾಣುವ ಸಪ್ತರ್ಷಿಗಳಿಂದಲೇ ಆರಂಭಿಸಿ. ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ ಈ ಐವರೂ 80 ಜ್ಯೋತಿರ್ವರ್ಷದ ಆಸುಪಾಸಿನಲ್ಲಿದ್ದು ಒಂದೇ ದಿಕ್ಕಿಗೆ ಸಾಗುತ್ತಿದ್ದಾರೆ. ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿಯೂ ಅವರ ಜೊತೆಗಿದ್ದಾಳೆ. ಎರಡು ತುದಿಗಳಲ್ಲಿರುವ ಕ್ರತು ಮತ್ತು ಮರೀಚಿ ಮಾತ್ರ ಹೊರಗಿನವರು: ಕ್ರತುವಿನ ದೂರ ಸುಮಾರು 123, ಮರೀಚಿಯದು 104.