“ಆಮೆನ್ ಆದ ಮೇಲೆ ಏನಿರುತ್ತೆ ಮೇಡಂ?”

(ಹೆಸರು, ಕೆಲಸ ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಪ್ರಮೀಳಾ ಮೈಸೂರಿನವರು. ನಲವತ್ತೈದರ ಆಸುಪಾಸು. ಹೈಸ್ಕೂಲ್ ಟೀಚರ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಯವರು. ಗಂಡ ತೀರಿಕೊಂಡು ಎರಡು ವರ್ಷವಾಗಿದೆ. ಮಗ ಪಿಯುಸಿ ಓದುತ್ತಿದ್ದಾನೆ. ಮಂಡ್ಯದಲ್ಲಿ ಗಂಡನ ಹೆಸರಿನಲ್ಲಿ ಒಂದು ಸೈಟಿದೆ. ಅದನ್ನು ಮಾರಿ ದುಡ್ಡು ಕೊಡು, ಅಂಗಡಿ ಚೇತರಿಸಿಕೊಂಡ ಮೇಲೆ ವಾಪಸ್ ಕೊಡ್ತೀನಿ ಅಂತ ಅಣ್ಣ ಕೇಳುತ್ತಿದ್ದಾರೆ. ಇವರಿಗೆ ಕೊಡಲು ಮನಸ್ಸಿಲ್ಲ, ಇಲ್ಲ ಅನ್ನಲು ಬಾಯಿಲ್ಲ. ಅಷ್ಟರಲ್ಲಿ ಪ್ರಾರ್ಥನಾ ಕೂಟದ ಹಿರಿಯ ಆಂಟಿಯೊಬ್ಬರು, “ಕರ್ತರು ನನಗೆ ತೋರಿಸಿದರು, ನೀನು ಕೊಡಬೇಕು” ಅಂದುಬಿಟ್ಟರು.

ಆದರೆ ಪ್ರಮೀಳಾ ನನ್ನ ಹತ್ತಿರ ಬಂದದ್ದು ಸೈಟಿನ ವಿಷಯಕ್ಕಲ್ಲ. “ಎಲ್ಲರ ಹತ್ತಿರ ದೇವರು ಮಾತಾಡುತ್ತಾರೆ. ನನ್ನ ಹತ್ತಿರ ಮಾತ್ರ ಇಲ್ಲ. ನನ್ನಲ್ಲಿ ಅಂಥ ಪಾಪ ಏನಿದೆ ಮೇಡಂ?”

ಪ್ರಾರ್ಥನೆ ಹೇಗೆ ಮಾಡುತ್ತೀರಿ ಅಂತ ಕೇಳಿದೆ. ಬೆಳಿಗ್ಗೆ ಐದಕ್ಕೆ ಏಳುತ್ತಾರೆ. ಮಗನ ಪರೀಕ್ಷೆ, ಅತ್ತೆಯ ಮಂಡಿನೋವು, ಅಣ್ಣನ ಸಾಲ, ಶಾಲೆ, ಸಭೆಯ ಕಾಯಿಲೆಯವರು, ಒಬ್ಬೊಬ್ಬರದೂ ಹೆಸರು ಹೇಳಿ ಬೇಡುತ್ತಾರೆ. ಆಮೆನ್ ಅಂದು ಹಾಲು ಕಾಯಿಸಲು ಎದ್ದು ಹೋಗುತ್ತಾರೆ. ಆಮೆನ್ ಆದ ಮೇಲೆ ಎಷ್ಟು ಹೊತ್ತು ಕೂತಿರುತ್ತೀರಿ ಅಂದೆ. ಅವರು ನಿಜಕ್ಕೂ ಗಲಿಬಿಲಿಗೊಂಡರು. “ಆಮೆನ್ ಆದ ಮೇಲೆ ಏನಿರುತ್ತೆ ಮೇಡಂ?”

ಅದಕ್ಕೆ ಉತ್ತರ ಹೇಳುವ ಮೊದಲು ವಿಚಾರಿಸಿದ್ದು ನಿದ್ದೆಯ ಬಗ್ಗೆ. ಗಂಡ ಹೋದಾಗಿನಿಂದ ಅವರಿಗೆ ಸರಿಯಾಗಿ ನಿದ್ದೆಯಿಲ್ಲ, ಊಟವೂ ಅಷ್ಟಕ್ಕಷ್ಟೆ. ಯಾರೂ ಇಲ್ಲದಾಗ ಕಿವಿಗೆ ದನಿ ಕೇಳಿಸುತ್ತದೆಯೇ ಅಂತಲೂ ನೇರವಾಗಿ ಕೇಳಿದೆ, ಇಲ್ಲ ಅಂದರು. ದೇವರ ವಿಷಯ ಅಂತ ಇಂಥ ಪ್ರಶ್ನೆಗಳನ್ನು ಬಿಡಬಾರದು. ಡಾಕ್ಟರನ್ನು ನೋಡಲು ಹೇಳಿದಾಗ ಅವರಿಗೆ ಹಿಡಿಸಲಿಲ್ಲ, ನಂಬಿಕೆ ಕಡಿಮೆ ಅಂದಹಾಗೆ ಆಗುತ್ತದಲ್ಲ ಎಂಬ ಅಳುಕು. ಬೈಬಲಿನ ಅರಸುಗಳು ಮೊದಲ ಪುಸ್ತಕದ 19ನೇ ಅಧ್ಯಾಯ ತೆಗೆಸಿದೆ. ಸಾಯಬೇಕು ಅಂತ ಗಿಡದ ಕೆಳಗೆ ಬಿದ್ದಿದ್ದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಉಪದೇಶ ಮಾಡುವುದಿಲ್ಲ. ಎಬ್ಬಿಸಿ ರೊಟ್ಟಿ ತಿನ್ನಿಸುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ, ಮತ್ತೆ ಎದ್ದು ತಿನ್ನುತ್ತಾನೆ. ಹೋರೇಬ್ ಬೆಟ್ಟದಲ್ಲಿ ಗಾಳಿ, ಭೂಕಂಪ, ಬೆಂಕಿ ಆದ ಮೇಲೆ ಕೇಳಿಸುವ ದೇವರ ಆ ಮೆಲುದನಿ ಇನ್ನೂ ಎಷ್ಟೋ ದಿನ ದೂರ. ಡಾಕ್ಟರ ಹತ್ತಿರ ಹೋಗಲು ಒಪ್ಪಿದರು.

ಇನ್ನು ಆಂಟಿಯ ಮಾತು. ಅವರು ಸುಳ್ಳು ಹೇಳಿದರು ಅಂತ ನಾನು ಅನ್ನಲಿಲ್ಲ. ಅದು ನನಗೆ ಗೊತ್ತಾಗುವ ವಿಷಯವೂ ಅಲ್ಲ. ಬಾಲಕ ಸಮುವೇಲನ ಕಥೆ ಪ್ರಮೀಳಾ ಅವರೇ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ರಾತ್ರಿ ದೇವರ ಕರೆ ಕೇಳಿಸಿದಾಗಲೆಲ್ಲ ಹುಡುಗ, ಯಾಜಕ ಏಲಿಯೇ ಕರೆದ ಅಂದುಕೊಂಡು ಅವನ ಹತ್ತಿರ ಓಡುತ್ತಾನೆ. ಮೂರನೇ ಸಲ ಬರುವವರೆಗೆ ಯಾಜಕನಿಗೇ ವಿಷಯ ಹೊಳೆಯುವುದಿಲ್ಲ. ಹೊಳೆದ ಮೇಲೆ ಏಲಿ ಏನು ಮಾಡಿದ? ಹೋಗಿ ಮಲಗು, ಕರೆದರೆ ಹೀಗೆ ಉತ್ತರ ಕೊಡು ಅಂದ. ಹುಡುಗನ ಪರವಾಗಿ ತಾನೇ ಕೇಳಿಸಿಕೊಂಡು ಬಂದು ಹೇಳಲಿಲ್ಲ. ಹಿರಿಯರ ಕೆಲಸ ಅಷ್ಟೇ. ಅದಕ್ಕಿಂತ ಜಾಸ್ತಿ ಮಾಡುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ. ಪ್ರವಾದನೆಯನ್ನು, ಅಂದರೆ ದೇವರ ಹೆಸರಲ್ಲಿ ಹೇಳುವ ಮಾತನ್ನು, ತಿರಸ್ಕರಿಸಬೇಡಿ ಅಂದ ಅಪೊಸ್ತಲ ಪೌಲನೇ, ಎಲ್ಲವನ್ನೂ ಪರೀಕ್ಷಿಸಿ ಅಂತಲೂ ಥೆಸಲೋನಿಕದವರಿಗೆ ಬರೆದಿದ್ದಾನೆ. ಪರೀಕ್ಷಿಸಿದರೆ ಅವಿಶ್ವಾಸ ಆಗುವುದಿಲ್ಲ.

ಸೈಟಿನ ಅರ್ಧ ಪ್ರಶ್ನೆ ಪ್ರಾರ್ಥನೆಗೆ ಸೇರಿದ್ದೇ ಅಲ್ಲ, ವಕೀಲರಿಗೆ ಸೇರಿದ್ದು. ಗಂಡ ವಿಲ್ ಬರೆದಿರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ವಿಧವೆಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ. ಮಗನಿಗಿನ್ನೂ ಹದಿನೇಳು. ಹಾಗಾಗಿ ಸೈಟಿನ ಹೆಚ್ಚಿನ ಭಾಗ ಇವರು ಕೊಡುವಂಥದ್ದೇ ಆಗಿರಲಿಲ್ಲ. ವಕೀಲರನ್ನು ಕೇಳುವ ತನಕ ಯಾವುದಕ್ಕೂ ಸಹಿ ಹಾಕಬೇಡಿ ಅಂದೆ.

ಕೇಳುವ ಅಭ್ಯಾಸಕ್ಕೆ ಸಣ್ಣದೊಂದು ಕ್ರಮ ಹೇಳಿದೆ. ಬೇಡಿಕೆಯ ಪಟ್ಟಿಯನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಮಾರ್ಕನ ಸುವಾರ್ತೆಯಿಂದ ಹತ್ತು ಸಾಲು ಮಾತ್ರ, ನಿಧಾನವಾಗಿ, ಸಣ್ಣ ದನಿಯಲ್ಲಿ. ಎಲ್ಲಿ ಮನಸ್ಸು ನಿಲ್ಲುತ್ತದೋ ಅಲ್ಲಿ ನಿಲ್ಲಿ. ಅದರ ಬಗ್ಗೆ ದೇವರ ಹತ್ತಿರ ಮಾತಾಡಿ. ಆಮೇಲೆ ಸುಮ್ನೆ ಕೂತಿರಿ, ಫೋನ್ ಬೇರೆ ಕೋಣೆಯಲ್ಲಿರಲಿ. ಹನ್ನೆರಡನೇ ಶತಮಾನದಲ್ಲೇ ಗೀಗೊ ಎಂಬ ಸನ್ಯಾಸಿ ಈ ನಾಲ್ಕು ಮೆಟ್ಟಿಲುಗಳನ್ನು ಬರೆದಿಟ್ಟಿದ್ದಾನೆ. ಮೊದಮೊದಲು ತಲೆಯೊಳಗೆ ಕೇಳಿಸುವುದು ಅಣ್ಣನ ದನಿ, ಆಂಟಿಯ ದನಿ, ನಿಮ್ಮದೇ ಭಯ. ಅವುಗಳನ್ನು ಗುರುತು ಹಿಡಿಯುವುದೂ ಕೇಳುವುದರಲ್ಲೇ ಸೇರಿದೆ.

ಮನಸ್ಸಿಗೆ ಬಂದದ್ದೆಲ್ಲ ದೇವರ ಮಾತಲ್ಲವಲ್ಲ, ಹೇಗೆ ತಿಳಿಯುವುದು ಅಂದರು. ಸೈನಿಕನಾಗಿದ್ದು ಆಮೇಲೆ ಸಂತನಾದ ಇಗ್ನೇಷಿಯಸ್ ಲೊಯೊಲಾನ ಕಥೆ ಹೇಳಿದೆ. 1521ರಲ್ಲಿ ಸ್ಪೇನಿನ ಪಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಅವನು ಹಾಸಿಗೆ ಹಿಡಿದ. ಶೌರ್ಯದ ಹಗಲುಗನಸು ಕಾಣುವಾಗ ಹಿತವಾಗಿರುತ್ತಿತ್ತು, ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು. ಸಂತರಂತೆ ಬಾಳುವ ಯೋಚನೆ ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಯೋಚನೆ ಬಂದಾಗ ಏನನ್ನಿಸಿತು ಅನ್ನುವುದಕ್ಕಿಂತ, ಹೋದ ಮೇಲೆ ಏನು ಉಳಿಯಿತು ಅನ್ನುವುದನ್ನು ಅವನು ನೋಡಲು ಕಲಿತ. ಮನಸ್ಸು ಕುಸಿದಿರುವಾಗ ಮೊದಲಿನ ನಿರ್ಧಾರ ಬದಲಿಸಬೇಡ ಅನ್ನುವ ನಿಯಮವೂ ಅವನದೇ.

“ಅವರು ಕ್ಯಾಥೊಲಿಕ್ ಅಲ್ವಾ?” ಅಂದರು ಪ್ರಮೀಳಾ. ಮೈಸೂರಿನ ಕ್ಯಾಥೊಲಿಕ್ ಚರ್ಚಾದ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟ ಮಹಾರಾಜ ನಾಲ್ವಡಿಯವರು ಯಾವ ಸಭೆಯವರು ಅಂತ ಕೇಳಿದೆ. ನಕ್ಕರು. ಮನೆಯಲ್ಲಿ ಗದ್ದಲ ಇದ್ದ ದಿನ ಶಾಲೆಯಿಂದ ಬರುತ್ತಾ ಅಲ್ಲೇ ಹೋಗಿ ಕೂರುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಕೆಲವು ವಾರ ಏನೂ ಆಗಲಿಲ್ಲ. ಬೇಜಾರು, ತೂಕಡಿಕೆ. ಆಮೇಲೊಂದು ದಿನ ಮಾರ್ಕನ ಹತ್ತನೇ ಅಧ್ಯಾಯ, ಕುರುಡ ಬಾರ್ತಿಮಾಯನ ಭಾಗ. ನಿನಗೆ ನಾನು ಏನು ಮಾಡಬೇಕು ಅಂತ ಯೇಸು ಅವನನ್ನು ಕೇಳುತ್ತಾರೆ. ಆ ಪ್ರಶ್ನೆಗೆ ತಮ್ಮ ಹತ್ತಿರ ಉತ್ತರವೇ ಇಲ್ಲ ಅಂತ ಪ್ರಮೀಳಾಗೆ ಅನ್ನಿಸಿತು. ಎಲ್ಲರಿಗಾಗಿ ಬೇಡಿದ್ದರು, ತಮಗಾಗಿ ಏನೂ ಇರಲಿಲ್ಲ. ತುಂಬಾ ಅತ್ತರಂತೆ. “ಅದು ದೇವರ ದನಿಯಾ ಮೇಡಂ?” ಅದನ್ನು ಹೇಳಬೇಕಾದವಳು ನಾನಲ್ಲ. ಕೆಲವು ದಿನ ಹಾಗೇ ಇಟ್ಟುಕೊಂಡು ನೋಡಿ, ಏನು ಉಳಿಯುತ್ತದೆ ಅಂತ ಹೇಳಿ ಕಳಿಸಿದೆ.

ಮಗನಿಗೆ ಹದಿನೆಂಟು ತುಂಬುವ ತನಕ ಸೈಟಿನ ಮಾತು ಬೇಡ ಅಂತ ಅವರೇ ಅಣ್ಣನಿಗೆ ಹೇಳಿದರು. ಅಣ್ಣ ಮನೆಗೆ ಬರುವುದನ್ನು ಬಿಟ್ಟಿದ್ದಾರೆ. ಆಂಟಿ ಕೂಟದಲ್ಲಿ ಮುಖ ಕೊಟ್ಟು ಮಾತಾಡುವುದಿಲ್ಲ. ನಿದ್ದೆ ಈಗ ಪರವಾಗಿಲ್ಲ. ಎಷ್ಟೋ ಬೆಳಿಗ್ಗೆ ಈಗಲೂ ಏನೂ ಕೇಳಿಸುವುದಿಲ್ಲ, ಆದರೆ ಅದಕ್ಕೆ ತಮ್ಮ ಪಾಪ ಕಾರಣ ಅನ್ನುವುದನ್ನು ಬಿಟ್ಟಿದ್ದಾರೆ. ಈಗ ನಾವು ಮಾತಾಡುತ್ತಿರುವುದು ಅಣ್ಣನ ಬಗ್ಗೆ. ಕೋಪ ಇಟ್ಟುಕೊಂಡೇ ಅವರಿಗಾಗಿ ಪ್ರಾರ್ಥಿಸಬಹುದೇ ಅನ್ನುವುದು ಅವರ ಹೊಸ ಪ್ರಶ್ನೆ.